ಕೊಟ್ಟರೆ ನಷ್ಟವೇನು? ಸೆಪ್ಸಿಸ್ ರೋಗಿಗೆ ವಿಟಮಿನ್ ಸಿ ಮತ್ತು ಸ್ಟೀರಾಯ್ಡ್

2017ರಿಂದ ಮೂರ್ನಾಲ್ಕು ವರ್ಷ, ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ ರೋಗಿಗಳ ಕಡೆಯವರು ನನ್ನಂಥ ವೈದ್ಯರನ್ನು ಕೇಳುತ್ತಿದ್ದ ಒಂದು ಪ್ರಶ್ನೆಯಿಂದ ಇಂದಿನ ಮಾತನ್ನು ಆರಂಭಿಸುತ್ತೇನೆ. ಅಮೆರಿಕದ ವೈದ್ಯರೊಬ್ಬರು ವಿಟಮಿನ್ ಸಿ ಚುಚ್ಚುಮದ್ದಿನಿಂದ ಸೆಪ್ಸಿಸ್ ರೋಗಿಗಳನ್ನು ಬದುಕಿಸಿದರು ಎಂಬ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿ ಅವರು ಕೇಳುತ್ತಿದ್ದರು: "ಡಾಕ್ಟ್ರೇ, ಇದೇನೂ ದುಬಾರಿ ಔಷಧಿ ಅಲ್ಲವಂತೆ. ವಿಟಮಿನ್ ತಾನೆ? ಕೊಟ್ಟರೆ ನಷ್ಟವೇನು?" ಮನೆಯವರು ಮಾತ್ರವಲ್ಲ, ನನ್ನ ಜೊತೆಯ ವೈದ್ಯರೂ ಅದನ್ನೇ ಕೇಳುತ್ತಿದ್ದರು, ನಾನೂ ಒಳಗೊಳಗೆ ಕೇಳಿಕೊಳ್ಳುತ್ತಿದ್ದೆ. ಆಗ ನನ್ನಲ್ಲಿ ನೇರವಾದ ಉತ್ತರವಿರಲಿಲ್ಲ. ಈಗ ಇದೆ. ಆ ಉತ್ತರ ಎಷ್ಟು ದೇಶಗಳ, ಎಷ್ಟು ರೋಗಿಗಳ ಸಹಕಾರದಿಂದ ಬಂತು ಎಂಬುದನ್ನು ಹೇಳುವುದೇ ನನ್ನ ಇಂದಿನ ಕೆಲಸ.

ಮೊದಲು ಸೆಪ್ಸಿಸ್ ಎಂದರೇನು ಎಂಬುದನ್ನು ನೋಡೋಣ. ನಮ್ಮಲ್ಲಿ ಇದಕ್ಕೆ ನಂಜು ಎಂಬ ಹಳೆಯ ಮಾತಿದೆ. ಗಾಯಕ್ಕೆ ನಂಜಾಗುತ್ತದೆ, ಬಾಣಂತಿಗೆ ನಂಜಾಗುತ್ತದೆ, ಬದನೆಕಾಯಿ ನಂಜು ಎಂದು ಪಥ್ಯದವರ ಎಲೆಯಿಂದ ಅದನ್ನು ದೂರವಿಡುತ್ತೇವೆ. ಈ ಮಾತಿನೊಳಗೆ ಹೊರಗಿನಿಂದ ವಿಷವೊಂದು ಬಂದು ಸೇರಿತು ಎಂಬ ಕಲ್ಪನೆಯಿದೆ, ವೈದ್ಯರೂ ಬಹುಕಾಲ ಹಾಗೆಯೇ ಭಾವಿಸಿದ್ದರು. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಒಪ್ಪಿಕೊಂಡ ವ್ಯಾಖ್ಯೆ ಈ ಕಲ್ಪನೆಯನ್ನು ತಿರುಗಿಸಿ ಇಟ್ಟಿತು. ಅದರ ಪ್ರಕಾರ, ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆಯೇ ಹತೋಟಿ ತಪ್ಪಿ ತನ್ನದೇ ಅಂಗಗಳನ್ನು ಕೆಡಿಸಿ ಜೀವಕ್ಕೆ ಅಪಾಯ ತಂದೊಡ್ಡುವ ಸ್ಥಿತಿಯೇ ಸೆಪ್ಸಿಸ್. ನ್ಯುಮೋನಿಯಾ ಇರಬಹುದು, ಮೂತ್ರದ ಸೋಂಕಿರಬಹುದು, ಒಡೆದ ಕರುಳಿರಬಹುದು; ಆರಂಭ ಎಲ್ಲಿಂದಾದರೂ ಆಗಲಿ, ಮುಂದಿನ ಹಾದಿ ಬಹುಮಟ್ಟಿಗೆ ಒಂದೇ. ಸಣ್ಣ ರಕ್ತನಾಳಗಳು ಸಡಿಲಗೊಂಡು ಸೋರತೊಡಗುತ್ತವೆ, ಬಿಪಿ ಕುಸಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಜೀವಕೋಶಗಳು ಸಂಕಟದಲ್ಲಿವೆ ಎಂದು ಸೂಚಿಸುವ ಲ್ಯಾಕ್ಟೇಟ್ ಎಂಬ ವಸ್ತು ರಕ್ತದಲ್ಲಿ ಏರುತ್ತದೆ, ರೋಗಿಯ ಮಾತು ತೊದಲಿ ಪ್ರಜ್ಞೆ ಮಸುಕಾಗುತ್ತದೆ. ಸಾಕಷ್ಟು ಡ್ರಿಪ್ ಹಾಕಿದ ಮೇಲೂ ಬಿಪಿಯನ್ನು ಹಿಡಿದು ನಿಲ್ಲಿಸಲು ನಾರ್‌ಅಡ್ರಿನಲಿನ್‌ನಂಥ ಔಷಧಿ ಬೇಕೇಬೇಕು ಎಂಬ ಸ್ಥಿತಿ ಬಂದು, ಲ್ಯಾಕ್ಟೇಟ್ ಕೂಡ ಏರಿಯೇ ಇದ್ದರೆ ಅದನ್ನು ಸೆಪ್ಟಿಕ್ ಶಾಕ್ ಎನ್ನುತ್ತೇವೆ.

ಒಂದು ಅಂದಾಜಿನಂತೆ 2017ರಲ್ಲಿ ಜಗತ್ತಿನಾದ್ಯಂತ 4.89 ಕೋಟಿ ಜನರಿಗೆ ಸೆಪ್ಸಿಸ್ ಆಯಿತು, 1.1 ಕೋಟಿ ಜನ ಅದರಿಂದ ಸತ್ತರು. ಅಂದರೆ ಆ ವರ್ಷ ಸತ್ತವರಲ್ಲಿ ಐವರಿಗೆ ಒಬ್ಬರು. ಇಷ್ಟು ದೊಡ್ಡ ಕಾಯಿಲೆಗೆ ನಮ್ಮ ಬಳಿ ಇರುವ ಮದ್ದಾದರೂ ಏನು? ಸೂಕ್ತ ಆಂಟಿಬಯಾಟಿಕ್ ಅನ್ನು ಬೇಗ ಕೊಡುವುದು, ಕೀವಿದ್ದಲ್ಲಿ ಅದನ್ನು ಹೊರತೆಗೆಯುವುದು, ಅಂಗಗಳು ಚೇತರಿಸಿಕೊಳ್ಳುವವರೆಗೆ ಡ್ರಿಪ್, ವೆಂಟಿಲೇಟರ್, ಡಯಾಲಿಸಿಸ್‌ಗಳ ಆಸರೆ ಕೊಡುವುದು. ಇವೆಲ್ಲ ಸೋಂಕಿನ ಮೇಲಿನ ಹೋರಾಟ ಅಥವಾ ಅಂಗಗಳಿಗೆ ಊರುಗೋಲು. ಹತೋಟಿ ತಪ್ಪಿದ ಆ ಪ್ರತಿಕ್ರಿಯೆಯನ್ನೇ ಪಳಗಿಸುವ ಔಷಧಿಗಾಗಿ ನಲವತ್ತು ವರ್ಷ ಹುಡುಕಾಟ ನಡೆದು, ಒಂದಾದ ಮೇಲೊಂದು ಸೋತಿದೆ. ಅವುಗಳಲ್ಲಿ ಪ್ರಸಿದ್ಧವಾದ ಆಕ್ಟಿವೇಟೆಡ್ ಪ್ರೋಟೀನ್ ಸಿ 2001ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದು, ಮರುಪರೀಕ್ಷೆಯಲ್ಲಿ ಉಪಯೋಗ ಕಾಣದೆ 2011ರಲ್ಲಿ ಮಾರುಕಟ್ಟೆಯಿಂದ ಹೊರನಡೆಯಿತು. ಅದು ವಿಪರೀತ ದುಬಾರಿಯ ಔಷಧಿಯಾಗಿತ್ತು ಎಂಬುದನ್ನು ನೆನಪಿನಲ್ಲಿಡಿ, ಏಕೆಂದರೆ ಮುಂದಿನ ಕಥೆಯ ಅರ್ಧ ಆಕರ್ಷಣೆ ಅದಕ್ಕೆ ತದ್ವಿರುದ್ಧವಾದದ್ದರಲ್ಲಿದೆ.

ಆ ಕಥೆ ನಡೆದದ್ದು ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್ ನಗರದಲ್ಲಿ. ಅಲ್ಲಿನ ತೀವ್ರ ನಿಗಾ ತಜ್ಞ ಪಾಲ್ ಮಾರಿಕ್ ಅವರು 2016ರ ಜನವರಿಯಲ್ಲಿ, ಬದುಕುವ ಆಸೆಯೇ ಉಳಿದಿಲ್ಲವೆನ್ನಿಸಿದ ರೋಗಿಯೊಬ್ಬರಿಗೆ ಮೂರು ಔಷಧಿಗಳನ್ನು ಒಟ್ಟಿಗೆ ಕೊಟ್ಟರು. ಅದೇ ರಾಜ್ಯದ ರಿಚ್ಮಂಡ್‌ನಲ್ಲಿ ಸಂಶೋಧಕರ ತಂಡವೊಂದು ಸೆಪ್ಸಿಸ್‌ನಲ್ಲಿ ವಿಟಮಿನ್ ಸಿ ಕೊಡುವ ಬಗ್ಗೆ 24 ರೋಗಿಗಳ ಸಣ್ಣ ಅಧ್ಯಯನವೊಂದನ್ನು 2014ರಲ್ಲಿ ಪ್ರಕಟಿಸಿತ್ತು. ಮಾರಿಕ್ ಅದನ್ನು ಓದಿದ್ದರು. ಅವರ ಮಿಶ್ರಣ ಹೀಗಿತ್ತು: ರಕ್ತನಾಳದ ಮೂಲಕ ವಿಟಮಿನ್ ಸಿ ಆರು ಗಂಟೆಗೊಮ್ಮೆ 1.5 ಗ್ರಾಂ, ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಆರು ಗಂಟೆಗೊಮ್ಮೆ 50 ಮಿಲಿಗ್ರಾಂ, ಥಯಾಮಿನ್, ಅಂದರೆ ವಿಟಮಿನ್ ಬಿ1, ಹನ್ನೆರಡು ಗಂಟೆಗೊಮ್ಮೆ 200 ಮಿಲಿಗ್ರಾಂ. ಆ ರೋಗಿ ಚೇತರಿಸಿಕೊಂಡರು. ಮತ್ತೊಬ್ಬರಿಗೆ ಕೊಟ್ಟರು, ಅವರೂ ಚೇತರಿಸಿಕೊಂಡರು. ಬಳಿಕ ಆ ಘಟಕದಲ್ಲಿ ಅದು ರೂಢಿಯ ಚಿಕಿತ್ಸೆಯೇ ಆಯಿತು.

ಏಳು ತಿಂಗಳ ನಂತರ ಅವರು ಲೆಕ್ಕ ಹಾಕಿದರು. ಹೊಸ ಚಿಕಿತ್ಸೆ ಪಡೆದ 47 ರೋಗಿಗಳಲ್ಲಿ ಸತ್ತವರು 4 ಮಂದಿ, ಶೇಕಡಾ 8.5. ಅದಕ್ಕೆ ಹಿಂದಿನ ಏಳು ತಿಂಗಳಲ್ಲಿ ಅದೇ ಘಟಕದಲ್ಲಿ ಈ ಮಿಶ್ರಣವಿಲ್ಲದೆ ಚಿಕಿತ್ಸೆ ಪಡೆದಿದ್ದ 47 ಮಂದಿಯಲ್ಲಿ ಸತ್ತವರು 19 ಮಂದಿ, ಶೇಕಡಾ 40.4. ಬಿಪಿ ಔಷಧಿಯ ಅಗತ್ಯ ಸರಾಸರಿ 55 ಗಂಟೆಯಿಂದ 18 ಗಂಟೆಗೆ ಇಳಿದಿತ್ತು. ಈ ವರದಿ 2016ರ ಕೊನೆಯಲ್ಲಿ ಚೆಸ್ಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದನ್ನು ದೃಢಪಡಿಸಲು ಇನ್ನಷ್ಟು ಅಧ್ಯಯನ ಬೇಕು ಎಂದು ಲೇಖಕರೇ ಅದರಲ್ಲಿ ಬರೆದಿದ್ದರು. ನ್ಯಾಯವಾಗಿ ಹೇಳಬೇಕಾದ ಮಾತಿದು. ಆದರೆ ಮಾಧ್ಯಮಗಳ ಕೈಗೆ ಹೋದ ಮೇಲೆ ಆ ಸಾಲು ಉದುರಿಹೋಗಿ ಸಂಖ್ಯೆಗಳು ಮಾತ್ರ ಉಳಿದವು.

ಈ ಮಿಶ್ರಣ ವೈದ್ಯರನ್ನು ಅಷ್ಟು ಸುಲಭವಾಗಿ ಒಪ್ಪಿಸಿದ್ದೇಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಒಪ್ಪಿದವರು ದಡ್ಡರಾಗಿರಲಿಲ್ಲ. ಮೇಕೆಯ ದೇಹ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ, ದಿನಕ್ಕೆ ಹಲವು ಗ್ರಾಂಗಳಷ್ಟು. ಸಂಕಟದ ಹೊತ್ತಿನಲ್ಲಿ ಅನೇಕ ಪ್ರಾಣಿಗಳು ಈ ತಯಾರಿಕೆಯನ್ನು ಹೆಚ್ಚಿಸಿಕೊಳ್ಳುತ್ತವೆ. ಮನುಷ್ಯನಿಗೂ ಮಂಗಗಳಿಗೂ ಗಿನಿಯಿಲಿಗೂ ಆ ಶಕ್ತಿಯಿಲ್ಲ. ಅದಕ್ಕೆ ಬೇಕಾದ ಕೊನೆಯ ಕಿಣ್ವದ ವಂಶವಾಹಿ ನಮ್ಮಲ್ಲಿ ಎಂದೋ ಕೆಟ್ಟುಹೋಗಿದೆ. ಆದ್ದರಿಂದ ನಿಂಬೆ, ನೆಲ್ಲಿ, ಸೀಬೆಗಳೇ ನಮಗೆ ಗತಿ. ಆರೋಗ್ಯವಂತನಿಗೆ ದಿನಕ್ಕೆ ಬೇಕಾದದ್ದು ಸುಮಾರು 80 ಮಿಲಿಗ್ರಾಂ ಅಷ್ಟೆ. ಆದರೆ ಸೆಪ್ಸಿಸ್ ಆದವರ ರಕ್ತವನ್ನು ಪರೀಕ್ಷಿಸಿದರೆ, ಆಹಾರನಳಿಕೆಯ ಮೂಲಕ ಸಾಮಾನ್ಯ ಪ್ರಮಾಣವನ್ನು ಕೊಡುತ್ತಿದ್ದರೂ ವಿಟಮಿನ್ ಸಿ ಬಹಳ ಕೆಳಮಟ್ಟದಲ್ಲಿರುತ್ತದೆ. ಇದು ಊಹೆಯಲ್ಲ, ಮತ್ತೆ ಮತ್ತೆ ಅಳೆದು ನೋಡಿದ ಸಂಗತಿ.

ಇದರ ಜೊತೆಗೆ, ನಮ್ಮ ದೇಹ ನಾರ್‌ಅಡ್ರಿನಲಿನ್ ತಯಾರಿಸುವಾಗಲೂ ವಾಸೊಪ್ರೆಸಿನ್ ತಯಾರಿಸುವಾಗಲೂ ವಿಟಮಿನ್ ಸಿ ಬೇಕು. ಇವೆರಡೂ ಬಿಪಿಯನ್ನು ಎತ್ತಿಹಿಡಿಯುವ ರಾಸಾಯನಿಕಗಳು; ಇವನ್ನೇ ನಾವು ಹೊರಗಿನಿಂದ ಡ್ರಿಪ್ಪಿನಲ್ಲಿ ಕೊಡುತ್ತಿರುತ್ತೇವೆ. ವಿಟಮಿನ್ ಸಿ ಉತ್ಕರ್ಷಣ ನಿರೋಧಕವೂ, ಅಂದರೆ ಆಂಟಿಆಕ್ಸಿಡೆಂಟ್ ಕೂಡ ಹೌದು. ರಕ್ತನಾಳದ ಒಳಪದರದ ಸೋರಿಕೆಯನ್ನು ಅದು ತಡೆಯುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿದ್ದವು. ಥಯಾಮಿನ್ ಇಲ್ಲದಿದ್ದರೆ ಜೀವಕೋಶವು ಸಕ್ಕರೆಯನ್ನು ಪೂರ್ತಿ ಉರಿಸಲಾರದೆ ಲ್ಯಾಕ್ಟೇಟ್ ಕೂಡಿಹಾಕುತ್ತದೆ. ಇನ್ನು ಸ್ಟೀರಾಯ್ಡು ಬಿಪಿ ಔಷಧಿಗೆ ರಕ್ತನಾಳ ಓಗೊಡುವಂತೆ ಮಾಡುತ್ತದೆ, ವಿಟಮಿನ್ ಸಿ ಜೀವಕೋಶದೊಳಗೆ ಹೋಗುವುದಕ್ಕೂ ನೆರವಾಗುತ್ತದೆಂದು ಪ್ರಯೋಗಾಲಯದಲ್ಲಿ ಕಂಡಿತ್ತು. ಮೂರೂ ಒಂದಕ್ಕೊಂದು ಹೆಗಲು ಕೊಡುತ್ತವೆ, ಮೂರೂ ಎಲ್ಲ ಆಸ್ಪತ್ರೆಗಳ ಔಷಧಿ ಕಪಾಟಿನಲ್ಲಿವೆ, ಮೂರೂ ಅಗ್ಗ. ಹಡಗಿನ ನಾವಿಕರ ಸ್ಕರ್ವಿಯನ್ನು ನಿಂಬೆ ಕಿತ್ತಳೆಗಳಿಂದ ಜೇಮ್ಸ್ ಲಿಂಡ್ 1747ರಲ್ಲಿ ವಾಸಿಮಾಡಿದ್ದ ಉದಾಹರಣೆ ಬೇರೆ ಎಲ್ಲರ ಮನಸ್ಸಿನಲ್ಲಿ ಕುಳಿತಿರುತ್ತದೆ. ಲಿಂಡ್ ತನ್ನ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೇ ಹಡಗಿನಲ್ಲಿ, ಒಂದೇ ಕಾಲದಲ್ಲಿ, ಆರು ಬಗೆಯ ಮದ್ದುಗಳನ್ನು ಕೊಟ್ಟು ಹೋಲಿಸಿದ್ದ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ನಾರ್ಫೋಕ್‌ನ ಅಧ್ಯಯನದಲ್ಲಿ ಇಲ್ಲದೆ ಹೋದದ್ದು ಅದೇ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, 'ಹಿಂದೆ ಹಾಗಿತ್ತು, ಈಗ ಹೀಗಾಗಿದೆ' ಎಂಬ ಬಗೆಯ ಅಧ್ಯಯನಗಳ ತೊಡಕು ಅಲ್ಲೇ ಇದೆ. ಮಿಶ್ರಣವಿಲ್ಲದ ರೋಗಿಗಳು 2015ರ ಜೂನ್‌ನಿಂದ ಡಿಸೆಂಬರ್‌ವರೆಗೆ ಬಂದವರು, ಮಿಶ್ರಣ ಪಡೆದವರು 2016ರ ಜನವರಿಯಿಂದ ಜುಲೈವರೆಗೆ ಬಂದವರು. ಕಾಲ ಬದಲಾದರೆ ಬರುವ ಸೋಂಕು ಬದಲಾಗುತ್ತದೆ, ಕಿರಿಯ ವೈದ್ಯರ ತಂಡ ಬದಲಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಚಿಕಿತ್ಸೆಯೊಂದು ಕೆಲಸಮಾಡುತ್ತದೆಂದು ನಂಬಿದ ಘಟಕದಲ್ಲಿ ನರ್ಸುಗಳ ಕಣ್ಣು, ವೈದ್ಯರ ಓಡಾಟ, ರೋಗಿಯನ್ನು ಕೈಬಿಡುವ ಅಥವಾ ಬಿಡದಿರುವ ನಿರ್ಧಾರ, ಎಲ್ಲವೂ ಬದಲಾಗುತ್ತವೆ. ಎರಡೂ ಗುಂಪುಗಳ ರೋಗತೀವ್ರತೆಯ ಅಂಕಗಳು ಕಾಗದದ ಮೇಲೆ ಸಮನಾಗಿದ್ದವು, ನಿಜ. ಆದರೆ ಅಂಕಕ್ಕೆ ಸಿಗದ ಸಂಗತಿಗಳೇ ಹಾಸಿಗೆಯ ಪಕ್ಕದಲ್ಲಿ ಹೆಚ್ಚು. ಇನ್ನೂ ಒಂದು ವಿಚಾರ: ಹಿಂದಿನ ಗುಂಪಿನ 47 ಮಂದಿಯಲ್ಲಿ 28 ಮಂದಿಗೆ ಹೈಡ್ರೊಕಾರ್ಟಿಸೋನ್ ಆಗಲೇ ಸಿಕ್ಕಿತ್ತು. ಹಾಗಾದರೆ ನೂರಕ್ಕೆ 32 ಜೀವಗಳಷ್ಟು ವ್ಯತ್ಯಾಸವನ್ನು ಬಹುಮಟ್ಟಿಗೆ ಎರಡು ವಿಟಮಿನ್‌ಗಳೇ ತಂದವು ಎಂದು ನಂಬಬೇಕಾಗುತ್ತದೆ. ನನ್ನ ಇಡೀ ವೃತ್ತಿಜೀವನದಲ್ಲಿ ನಿಗಾ ಘಟಕದ ಯಾವ ಔಷಧಿಯೂ ಅದರ ಹತ್ತಿರಕ್ಕೂ ಬಂದದ್ದನ್ನು ನೋಡಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಷಿಕಾಗೊದ ಶಸ್ತ್ರವೈದ್ಯ ವಿಲಿಯಂ ಶೂಮರ್ 1976ರಲ್ಲಿ, ಸೆಪ್ಟಿಕ್ ಶಾಕ್‌ನ 172 ರೋಗಿಗಳಲ್ಲಿ ಅರ್ಧ ಜನಕ್ಕೆ ಭಾರೀ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು ಫಲಿತಾಂಶ ಪ್ರಕಟಿಸಿದ್ದರು. ಬರಿಯ ಸಲೈನ್ ಪಡೆದವರಲ್ಲಿ ಶೇಕಡಾ 38.4 ಸಾವು, ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡಾ 10.4. ಈ ಸಂಖ್ಯೆಗಳನ್ನು ನಾರ್ಫೋಕ್‌ನ 40.4 ಮತ್ತು 8.5ರ ಪಕ್ಕದಲ್ಲಿ ಇಟ್ಟು ನೋಡಿ. ನಲವತ್ತು ವರ್ಷದ ಅಂತರದಲ್ಲಿ ಒಂದೇ ಕನಸು ಎರಡು ಸಲ ಬಿದ್ದ ಹಾಗಿದೆ. ಶೂಮರ್ ಅವರ ಫಲಿತಾಂಶವನ್ನು ನಂಬಿ ಜಗತ್ತು ಹತ್ತು ವರ್ಷ ಭಾರೀ ಪ್ರಮಾಣದ ಸ್ಟೀರಾಯ್ಡ್ ಸುರಿಯಿತು. 1987ರಲ್ಲಿ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಎರಡು ಪ್ರಯೋಗಗಳು ಒಟ್ಟಿಗೆ ಪ್ರಕಟವಾದವು. ಪ್ರಯೋಜನ ಕಾಣಲಿಲ್ಲ, ಒಂದರಲ್ಲಂತೂ ಸ್ಟೀರಾಯ್ಡ್ ಪಡೆದವರಲ್ಲಿ ಮತ್ತೊಂದು ಸೋಂಕು ಸೇರಿ ಸತ್ತವರೇ ಹೆಚ್ಚಿದ್ದರು. ನಾನು ವೈದ್ಯಕೀಯ ಓದುವಾಗ ಈ ಪಾಠವನ್ನು ಇತಿಹಾಸವೆಂದು ಓದಿದ್ದೆ. ಅದು ಕಣ್ಣೆದುರಿಗೇ ಮರುಕಳಿಸುವುದೆಂದು ಅಂದುಕೊಂಡಿರಲಿಲ್ಲ.

ಸರಿಯಾದ ಪರೀಕ್ಷೆ ಹೇಗಿರಬೇಕು? ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯನ ಮನಸ್ಸಿಗೆ ಬಿಡದೆ ಚೀಟಿ ಎತ್ತಿ ನಿರ್ಧರಿಸಬೇಕು. ಆಗ ವಯಸ್ಸು, ಸೋಂಕು, ಕಾಲ, ಅದೃಷ್ಟ, ನಮಗೆ ಗೊತ್ತಿರುವುದು, ಗೊತ್ತಿಲ್ಲದಿರುವುದು, ಎಲ್ಲವೂ ಎರಡು ಗುಂಪುಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಇದನ್ನೇ ಯಾದೃಚ್ಛಿಕ ಪ್ರಯೋಗ ಎನ್ನುವುದು. ಮನೆಯವರಿಗೆ ಇದನ್ನು ವಿವರಿಸುವಾಗ "ನಮ್ಮಪ್ಪನ ಜೀವವನ್ನು ಚೀಟಿಗೆ ಬಿಡುತ್ತೀರಾ?" ಎಂದು ಕೇಳಿದವರಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಯಾವ ಚಿಕಿತ್ಸೆ ಮೇಲೆಂದು ನಿಜವಾಗಿಯೂ ಗೊತ್ತಿಲ್ಲದಿರುವಾಗ ವೈದ್ಯನ ಹುಮ್ಮಸ್ಸು ಚೀಟಿಗಿಂತ ಒಳ್ಳೆಯ ಮಾರ್ಗದರ್ಶಿಯಲ್ಲ.

ಮೊದಲ ಮುಖ್ಯ ಉತ್ತರ ಬಂದದ್ದು 2020ರ ಜನವರಿಯಲ್ಲಿ. ಪ್ರಯೋಗದ ಹೆಸರೇ ವಿಟಮಿನ್ಸ್. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್‌ಗಳ ಹತ್ತು ನಿಗಾ ಘಟಕಗಳಲ್ಲಿ ಜಪಾನಿನ ವೈದ್ಯೆ ತೊಮೊಕೊ ಫುಜಿಯಿ ಮತ್ತು ಸಂಗಡಿಗರು ನಡೆಸಿದ ಇದರಲ್ಲಿ ಸೆಪ್ಟಿಕ್ ಶಾಕ್ ಆದ 216 ಮಂದಿ ಇದ್ದರು. ಈ ಪ್ರಯೋಗದ ಜಾಣತನವನ್ನು ಗಮನಿಸಿ: ಹೈಡ್ರೊಕಾರ್ಟಿಸೋನ್ ಎರಡೂ ಗುಂಪಿಗೆ ಕೊಟ್ಟರು, ಒಂದು ಗುಂಪಿಗೆ ಮಾತ್ರ ಅದರ ಜೊತೆಗೆ ನಾರ್ಫೋಕ್‌ನ ಪ್ರಮಾಣದಲ್ಲೇ ವಿಟಮಿನ್ ಸಿ ಮತ್ತು ಥಯಾಮಿನ್ ಕೊಟ್ಟರು. ಸ್ಟೀರಾಯ್ಡ್‌ನಿಂದ ಆಗುವ ಲಾಭವನ್ನು ವಿಟಮಿನ್‌ನ ಲೆಕ್ಕಕ್ಕೆ ಬರೆಯುವ ಅವಕಾಶವೇ ಹೀಗೆ ಇಲ್ಲವಾಯಿತು. ಮೊದಲ ಏಳು ದಿನಗಳಲ್ಲಿ ಜೀವಂತವಾಗಿದ್ದು, ಬಿಪಿ ಔಷಧಿಯಿಂದಲೂ ಮುಕ್ತವಾಗಿ ಕಳೆದ ಗಂಟೆಗಳನ್ನು ಎಣಿಸಿದರು. ಮಿಶ್ರಣ ಪಡೆದವರಲ್ಲಿ ನಡುವಣ ಸಂಖ್ಯೆ 122.1 ಗಂಟೆ, ಬರಿಯ ಸ್ಟೀರಾಯ್ಡ್ ಪಡೆದವರಲ್ಲಿ 124.6 ಗಂಟೆ. ತೊಂಬತ್ತು ದಿನಗಳ ಹೊತ್ತಿಗೆ ಸಾವು ಕ್ರಮವಾಗಿ ಶೇಕಡಾ 28.6 ಮತ್ತು 24.5, ಈ ಅಂತರ ಆಕಸ್ಮಿಕವಾಗಿರಬಹುದಾದಷ್ಟು ಸಣ್ಣದು, ಆದರೆ ನಾವು ನಿರೀಕ್ಷಿಸಿದ ದಿಕ್ಕಿನಲ್ಲಂತೂ ಇರಲಿಲ್ಲ. ಬೆಲ್‌ಫಾಸ್ಟ್‌ನ ಸಮ್ಮೇಳನವೊಂದರಲ್ಲಿ ಈ ಫಲಿತಾಂಶವನ್ನು ಘೋಷಿಸಿದರು. ಇಲ್ಲಿ ಕುಳಿತು ಅಂತರಜಾಲದಲ್ಲಿ ನೋಡಿದ ನನಗೆ ಆ ಎರಡು ಸಾಲುಗಳು ಒಂದರ ಮೇಲೊಂದು ಬಿದ್ದ ನಕ್ಷೆ ಈಗಲೂ ನೆನಪಿದೆ.

ಔಷಧಿಯನ್ನು ತಡವಾಗಿ ಕೊಟ್ಟರು, ಆದ್ದರಿಂದ ಫಲಿಸಲಿಲ್ಲ ಎಂಬುದು ನಂಬಿಕೆಯವರ ಆಕ್ಷೇಪವಾಗಿತ್ತು. ಆಕ್ಷೇಪ ಅಸಂಬದ್ಧವೇನೂ ಅಲ್ಲ. ಅಮೆರಿಕದ 14 ಆಸ್ಪತ್ರೆಗಳಲ್ಲಿ ನಡೆದ ಆಕ್ಟ್ಸ್ ಪ್ರಯೋಗವೂ ಅದೇ ವರ್ಷ ಅಂಗಗಳ ಚೇತರಿಕೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದಿತು. 2021ರಲ್ಲಿ ಬಂದ ವಿಕ್ಟಾಸ್ ಎಂಬ ಪ್ರಯೋಗ 2000 ಜನರವರೆಗೆ ಸೇರಿಸಿಕೊಳ್ಳುವ ಯೋಜನೆಯಿಂದ ಆರಂಭವಾಗಿ, ಹಣದ ನೆರವು ನಿಂತು 501ಕ್ಕೇ ಮುಗಿಯಿತು; ಮೂವತ್ತು ದಿನಗಳ ಸಾವು ಮಿಶ್ರಣ ಪಡೆದವರಲ್ಲಿ ಶೇಕಡಾ 22, ಪ್ಲಸೀಬೊ, ಅಂದರೆ ಹುಸಿಮದ್ದು ಪಡೆದವರಲ್ಲಿ 24. ಇಷ್ಟು ಜನರಲ್ಲಿ ಅದು ವ್ಯತ್ಯಾಸವೆನ್ನಿಸಿಕೊಳ್ಳುವುದಿಲ್ಲ. ಬಿಪಿ ಔಷಧಿಯನ್ನು ಬೇಗ ನಿಲ್ಲಿಸಬಹುದೆಂದು ಒಂದು ಸಣ್ಣ ಪ್ರಯೋಗ ತೋರಿಸಿತು, ಆದರೆ ಅಲ್ಲಿ ಸ್ಟೀರಾಯ್ಡ್ ಕೂಡ ಮಿಶ್ರಣದ ಭಾಗವಾಗಿತ್ತು.

ಒಂದು ಪ್ರಯೋಗವನ್ನು ಮಾತ್ರ ಬೇಗ ದಾಟಿಹೋಗಲಾರೆ, ಏಕೆಂದರೆ ಅಲ್ಲಿ ಸಂಖ್ಯೆಗಳು ಎರಡು ದಿಕ್ಕಿಗೆ ಎಳೆಯುತ್ತವೆ. ಅದು 2019ರ ಸಿಟ್ರಿಸ್-ಅಲೈ. ರಿಚ್ಮಂಡ್‌ನ ಅದೇ ತಂಡ, ಸೆಪ್ಸಿಸ್‌ನಿಂದ ಶ್ವಾಸಕೋಶ ಕೆಟ್ಟ 167 ಮಂದಿಗೆ ಸ್ಟೀರಾಯ್ಡನ್ನು ಬೆರೆಸದೆ ವಿಟಮಿನ್ ಸಿಯನ್ನೇ ಹೆಚ್ಚಿನ ಪ್ರಮಾಣದಲ್ಲಿ, ಅಂದರೆ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂನಂತೆ ಆರು ಗಂಟೆಗೊಮ್ಮೆ, ಅಥವಾ ಹುಸಿಮದ್ದನ್ನು ಕೊಟ್ಟಿತು. ಅರವತ್ತು ಕಿಲೋ ತೂಕದವರಿಗೆ ಇದು ದಿನಕ್ಕೆ 12 ಗ್ರಾಂ. ಮೊದಲೇ ಗುರಿಯೆಂದು ಬರೆದಿಟ್ಟುಕೊಂಡಿದ್ದ ಅಂಗವೈಫಲ್ಯದ ಅಂಕ ಮತ್ತು ಉರಿಯೂತದ ಸೂಚಕಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಆದರೆ 46 ಉಪಗುರಿಗಳಲ್ಲಿ ಒಂದಾಗಿದ್ದ 28 ದಿನಗಳ ಸಾವು ಹುಸಿಮದ್ದು ಪಡೆದವರಲ್ಲಿ ಶೇಕಡಾ 46.3, ವಿಟಮಿನ್ ಸಿ ಪಡೆದವರಲ್ಲಿ 29.8 ಎಂದು ಬಂತು. 46 ಕಡೆ ಬಲೆ ಬೀಸಿದರೆ ಒಂದೆರಡು ಕಡೆ ಆಕಸ್ಮಿಕವಾಗಿ ಮೀನು ಸಿಗುತ್ತದೆ ಎಂಬುದು ಒಂದು ವಾದ. ಇದಕ್ಕೆ ಗಟ್ಟಿಯಾದ ಪ್ರತಿವಾದವೂ ಇದೆ. ಅಂಗವೈಫಲ್ಯದ ಅಂಕವನ್ನು ನಾಲ್ಕನೆಯ ದಿನ ಅಳೆಯುವುದು ಬದುಕಿರುವವರಲ್ಲಿ ಮಾತ್ರ. ಹುಸಿಮದ್ದಿನ ಗುಂಪಿನಲ್ಲಿ ತೀರ ಕೆಟ್ಟ ಸ್ಥಿತಿಯವರು ಆ ಹೊತ್ತಿಗೆ ಸತ್ತುಹೋಗಿದ್ದರೆ, ಉಳಿದವರ ಅಂಕ ಸಹಜವಾಗಿಯೇ ಚೆನ್ನಾಗಿ ಕಾಣುತ್ತದೆ. ಫೇಲಾಗುವ ಹುಡುಗರು ಪರೀಕ್ಷೆಗೇ ಕೂರದಿದ್ದರೆ ಶಾಲೆಯ ಫಲಿತಾಂಶ ಏರುವಂತೆ. ಆದ್ದರಿಂದ 2019ರಲ್ಲಿ ನನ್ನ ಮನಸ್ಸು ಪೂರ್ತಿಯಾಗಿ ಮುಚ್ಚಿರಲಿಲ್ಲ. ಇದೇ ಪ್ರಮಾಣವನ್ನು ಇದಕ್ಕಿಂತ ಬಹಳ ದೊಡ್ಡ ಗುಂಪಿನಲ್ಲಿ ಪರೀಕ್ಷಿಸದೆ ಈ ವಾದ ಮುಗಿಯುವಂತಿರಲಿಲ್ಲ.

ಅದನ್ನು ಮಾಡಿದವರು ಕೆನಡಾದವರು. ಕ್ವಿಬೆಕ್ ಪ್ರಾಂತ್ಯದ ಶೆರ್‌ಬ್ರೂಕ್‌ನ ಫ್ರಾನ್ಸ್ವಾ ಲಾಮೊಂತಾಞ್ ಅವರ ನೇತೃತ್ವದಲ್ಲಿ 35 ನಿಗಾ ಘಟಕಗಳು ಸೇರಿ ನಡೆಸಿದ ಲೊವಿಟ್ ಪ್ರಯೋಗದ ಫಲಿತಾಂಶ 2022ರ ಜೂನ್‌ನಲ್ಲಿ ಹೊರಬಂತು. ಸೋಂಕಿನಿಂದ ಬಿಪಿ ಕುಸಿದು, ಅದನ್ನು ಏರಿಸುವ ಔಷಧಿ ಪಡೆಯುತ್ತಿದ್ದ 872 ಮಂದಿ ಇದರಲ್ಲಿದ್ದರು. ಪ್ರಮಾಣ ಸಿಟ್ರಿಸ್-ಅಲೈನದ್ದೇ, ಗರಿಷ್ಠ ನಾಲ್ಕು ದಿನ. ಸಾವು ಮತ್ತು ಅಂಗವೈಫಲ್ಯವನ್ನು ಬೇರೆ ಬೇರೆ ಎಣಿಸಿದಾಗ ಬರುವ, ಈಗಷ್ಟೇ ಹೇಳಿದ ಗೊಂದಲ ತಪ್ಪಿಸಲು ಎರಡನ್ನೂ ಕೂಡಿಸಿ ಒಂದೇ ಗುರಿ ಮಾಡಿದ್ದರು: 28ನೆಯ ದಿನ ರೋಗಿ ಸತ್ತಿದ್ದರೆ, ಅಥವಾ ಬದುಕಿದ್ದೂ ವೆಂಟಿಲೇಟರ್, ಬಿಪಿ ಔಷಧಿ, ಹೊಸದಾಗಿ ಬೇಕಾದ ಡಯಾಲಿಸಿಸ್‌ಗಳಲ್ಲಿ ಒಂದರ ಮೇಲಾದರೂ ಅವಲಂಬಿತನಾಗಿದ್ದರೆ, ಅದು ಕೆಟ್ಟ ಫಲಿತಾಂಶ. ವಿಟಮಿನ್ ಸಿ ಪಡೆದವರಲ್ಲಿ ಅಂಥವರು ಶೇಕಡಾ 44.5. ಹುಸಿಮದ್ದು ಪಡೆದವರಲ್ಲಿ ಶೇಕಡಾ 38.5.

ಆ ಸಂಖ್ಯೆಯನ್ನು ಮೊದಲ ಸಲ ಓದಿದಾಗ ಎರಡು ಕಂಬಸಾಲುಗಳನ್ನು ನಾನೇ ಅದಲುಬದಲು ಮಾಡಿ ಓದಿದೆನೇನೋ ಎಂದು ಮತ್ತೆ ನೋಡಿದೆ. ಅದಲುಬದಲಾಗಿರಲಿಲ್ಲ. ವಿಟಮಿನ್ ಸಿ ಕೊಟ್ಟ ಪ್ರತಿ ನೂರು ಮಂದಿಯಲ್ಲಿ ಆರು ಮಂದಿಗೆ ಹೆಚ್ಚಾಗಿ ಕೆಡುಕಾಗಿತ್ತು, ಅದು ಆಕಸ್ಮಿಕವೆಂದು ತಳ್ಳಿಹಾಕುವುದಕ್ಕೆ ಅಂಕಿಅಂಶದ ಲೆಕ್ಕ ಸುಲಭವಾಗಿ ಒಪ್ಪುವಂತಿರಲಿಲ್ಲ. ಬರಿಯ ಸಾವನ್ನು ನೋಡಿದರೆ ವಿಟಮಿನ್ ಸಿ ಪಡೆದವರಲ್ಲಿ ಶೇಕಡಾ 35.4, ಹುಸಿಮದ್ದು ಪಡೆದವರಲ್ಲಿ 31.6, ಇದು ಮಾತ್ರ ಆಕಸ್ಮಿಕವಾಗಿರಲು ಸಾಧ್ಯವಿದೆ. ಹೀಗೇಕಾಯಿತು ಎಂದು ರಕ್ತದಲ್ಲಿ ಉರಿಯೂತದ, ರಕ್ತನಾಳದ ಒಳಪದರದ, ಅಂಗಾಂಶದ ಆಮ್ಲಜನಕ ಕೊರತೆಯ ಸೂಚಕಗಳನ್ನೆಲ್ಲ ಅಳೆದರು. ಯಾವುದರಲ್ಲೂ ಎರಡು ಗುಂಪುಗಳ ನಡುವೆ ಅಂತರವಿರಲಿಲ್ಲ. ಲಾಭ ಹೇಗಾಗಬೇಕು ಎಂಬುದಕ್ಕೆ ಅಷ್ಟು ಸುಂದರವಾದ ವಿವರಣೆ ಇದ್ದ ಔಷಧಿಯಿಂದ ವಿವರಣೆಯೇ ಇಲ್ಲದ ನಷ್ಟ ಕಂಡಿತು. ಮರುವರ್ಷ, ಕೋವಿಡ್ ರೋಗಿಗಳಲ್ಲಿ ವಿಟಮಿನ್ ಸಿ ಪರೀಕ್ಷಿಸಿದ ಎರಡು ಪ್ರಯೋಗಗಳ ಒಟ್ಟು ಫಲಿತಾಂಶವೂ ಬಂತು. ಅಲ್ಲಿಯೂ ಲಾಭವಿರಲಿಲ್ಲ, ತೂಕ ನಷ್ಟದ ಕಡೆಗೇ ವಾಲಿತ್ತು. ಕೋವಿಡ್ ಕಾಲದಲ್ಲಿ ನಮ್ಮಲ್ಲಿ ವಿಟಮಿನ್ ಸಿ ಮಾತ್ರೆಗಾಗಿ ಔಷಧಿ ಅಂಗಡಿಗಳ ಮುಂದೆ ಜನ ನಿಂತದ್ದು ನಿಮಗೂ ನೆನಪಿರಬಹುದು. ಮಾತ್ರೆಯ ಪ್ರಮಾಣ ಬೇರೆ, ನಿಗಾ ಘಟಕದ ಪ್ರಮಾಣ ಬೇರೆ. ಮನೆಯಲ್ಲಿ ಚೀಪಿದ ಮಾತ್ರೆಗೆ ಈ ಸಂಖ್ಯೆಗಳನ್ನು ಅಂಟಿಸಿ ಯಾರೂ ಗಾಬರಿಯಾಗಬೇಕಾಗಿಲ್ಲ. ಜೀರ್ಣಾಂಗ ಒಂದು ಹಂತದ ಮೇಲೆ ಅದನ್ನು ಹೀರಿಕೊಳ್ಳುವುದೂ ಇಲ್ಲ.

ನಷ್ಟದ ಇನ್ನೊಂದು ದಾರಿ ಮಾತ್ರ ಮೊದಲಿನಿಂದಲೂ ತಿಳಿದದ್ದು, ನರ್ಸಿಂಗ್ ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಇರುವುದರಿಂದ ಹೇಳಿಯೇ ಮುಂದುವರಿಯುತ್ತೇನೆ. ಬೆರಳಿಗೆ ಚುಚ್ಚಿ ಸಕ್ಕರೆ ನೋಡುವ ಕೆಲವು ಮಾದರಿಯ ಗ್ಲುಕೋಮೀಟರ್‌ಗಳು ರಕ್ತದಲ್ಲಿ ವಿಟಮಿನ್ ಸಿ ಬಹಳವಿದ್ದಾಗ ಅದನ್ನೇ ಸಕ್ಕರೆಯೆಂದು ಭ್ರಮಿಸುತ್ತವೆ. ನಿಜವಾದ ಸಕ್ಕರೆ 90 ಇದ್ದರೂ ಯಂತ್ರ ಬಹಳ ಹೆಚ್ಚು ತೋರಿಸಬಹುದು. ಅದನ್ನು ನಂಬಿ ಇನ್ಸುಲಿನ್ ಹಾಕಿದರೆ, ಪ್ರಜ್ಞೆಯಿಲ್ಲದೆ ಮಲಗಿರುವ ರೋಗಿಗೆ ಸಕ್ಕರೆ ಕುಸಿದದ್ದು ಹೊರಗೆ ಕಾಣುವುದೇ ಇಲ್ಲ. ಇದರ ಮೇಲೆ, ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗಿ ಮಾರ್ಪಟ್ಟು ಮೂತ್ರಪಿಂಡದಲ್ಲಿ ಹರಳುಗಟ್ಟುವುದುಂಟು, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಕೆಂಪು ರಕ್ತಕಣಗಳು ಒಡೆಯುವುದುಂಟು. 'ವಿಟಮಿನ್ ತಾನೆ' ಎಂಬ ಮಾತಿನಲ್ಲಿ ಇವು ಯಾವುವೂ ಕೇಳಿಸುವುದಿಲ್ಲ.

ಹಾಗಾದರೆ ಮೂರರಲ್ಲಿ ಉಳಿದದ್ದು ಯಾವುದು? ಸ್ಟೀರಾಯ್ಡ್ ಉಳಿಯಿತು, ಶೂಮರ್ ಕಾಲದ ಭಾರೀ ಪ್ರಮಾಣದಲ್ಲಲ್ಲ, ದಿನಕ್ಕೆ 200 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಆಗಿ. 2018ರಲ್ಲಿ ಎರಡು ದೊಡ್ಡ ಪ್ರಯೋಗಗಳು ಬಂದವು. ಬಾಲಸುಬ್ರಮಣಿಯನ್ ವೆಂಕಟೇಶ್ ಅವರ ನೇತೃತ್ವದಲ್ಲಿ, ವೆಂಟಿಲೇಟರ್ ಮೇಲಿದ್ದ ಸೆಪ್ಟಿಕ್ ಶಾಕ್‌ನ 3800 ಮಂದಿಯನ್ನು ಸೇರಿಸಿಕೊಂಡ ಅಡ್ರಿನಲ್ ಪ್ರಯೋಗದಲ್ಲಿ, ತೊಂಬತ್ತು ದಿನಗಳ ಸಾವು ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡಾ 27.9, ಪಡೆಯದವರಲ್ಲಿ 28.8, ಅಂದರೆ ವ್ಯತ್ಯಾಸವಿಲ್ಲ. ಆದರೆ ಶಾಕ್ ನಾಲ್ಕು ದಿನಗಳ ಬದಲು ಮೂರು ದಿನಗಳಲ್ಲಿ ಇಳಿಯಿತು. ಫ್ರಾನ್ಸಿನ 1241 ಮಂದಿಯ ಇನ್ನೊಂದು ಪ್ರಯೋಗದಲ್ಲಿ ಹೈಡ್ರೊಕಾರ್ಟಿಸೋನ್ ಜೊತೆ ಫ್ಲೂಡ್ರೊಕಾರ್ಟಿಸೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಕೊಟ್ಟಾಗ ಸಾವು ಶೇಕಡಾ 49.1ರಿಂದ 43ಕ್ಕೆ ಇಳಿಯಿತು. ಅಲ್ಲಿನ ರೋಗಿಗಳ ಸ್ಥಿತಿ ಹೆಚ್ಚು ಗಂಭೀರವಾಗಿತ್ತು. ಇವನ್ನೆಲ್ಲ ತೂಗಿ ನೋಡಿದ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ, ನಾರ್‌ಅಡ್ರಿನಲಿನ್ ಪ್ರಮಾಣ ಒಂದು ಮಿತಿಯ ಮೇಲೆ ಹೋಗಿ ನಾಲ್ಕು ಗಂಟೆಯಾದರೂ ಇಳಿಯದ ರೋಗಿಗೆ ಹೈಡ್ರೊಕಾರ್ಟಿಸೋನ್ ಕೊಡಬಹುದೆನ್ನುತ್ತದೆ, ರಕ್ತನಾಳದ ಮೂಲಕ ವಿಟಮಿನ್ ಸಿ ಬೇಡವೆನ್ನುತ್ತದೆ. ಗಮನಿಸಿ, ಲೊವಿಟ್ ಫಲಿತಾಂಶ ಬರುವುದಕ್ಕೂ ಮೊದಲೇ ಅದು ಹಾಗೆಂದಿತ್ತು. ಒಂದು ದಿನ ಮುಂಚೆ ಬಿಪಿ ಔಷಧಿ ನಿಲ್ಲುವುದು ಸುದ್ದಿಯಾಗುವಂಥ ವಿಷಯವಲ್ಲ, ನಿಜ. ಕುತ್ತಿಗೆಯ ನಾಳದಲ್ಲಿ ನಳಿಕೆ ಇಟ್ಟುಕೊಂಡು ಮಲಗಿದವರಿಗೆ, ದಿನದ ಲೆಕ್ಕದಲ್ಲಿ ಬಿಲ್ ಕಟ್ಟುವ ಮನೆಯವರಿಗೆ, ಆ ಒಂದು ದಿನದ ಬೆಲೆ ಚೆನ್ನಾಗಿ ಗೊತ್ತಿರುತ್ತದೆ.

ಥಯಾಮಿನ್ ವಿಷಯ ಬೇರೆ. 88 ಮಂದಿ ಸೆಪ್ಟಿಕ್ ಶಾಕ್ ರೋಗಿಗಳಲ್ಲಿ ಅದನ್ನೊಂದನ್ನೇ ಪರೀಕ್ಷಿಸಿದಾಗ ಒಟ್ಟಾರೆ ಲ್ಯಾಕ್ಟೇಟ್ ಇಳಿಯಲಿಲ್ಲ. ಆದರೆ ಮೊದಲೇ ಥಯಾಮಿನ್ ಕೊರತೆಯಿದ್ದ ಮೂರನೆಯ ಒಂದು ಭಾಗದವರಲ್ಲಿ ಒಳಿತಿನ ಸೂಚನೆ ಕಂಡಿತು. ಆದ್ದರಿಂದ ವರ್ಷಗಟ್ಟಲೆ ಕುಡಿದವರಿಗೆ, ವಾರಗಟ್ಟಲೆ ಊಟ ಬಿಟ್ಟವರಿಗೆ ಗ್ಲುಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್ ಕೊಡುವ ಹಳೆಯ ರೂಢಿಯನ್ನು ನಾವು ಬಿಟ್ಟಿಲ್ಲ. ಅದಕ್ಕೆ ನಾರ್ಫೋಕ್‌ನ ಅಪ್ಪಣೆ ಬೇಕಾಗಿರಲಿಲ್ಲ.

ಬೆಂಚಿನ ಮೇಲೆ ಕುಳಿತವರು ಈಗಲೂ ಕೆಲವೊಮ್ಮೆ ಆ ಪ್ರಶ್ನೆ ಕೇಳುತ್ತಾರೆ. ಕೆನಡಾದವರು ಸಾವಿರಕ್ಕೆ ಹತ್ತಿರದಷ್ಟು ಜನರಿಗೆ ಚೀಟಿ ಎತ್ತಿ ನೋಡಿದರು. ವಿಟಮಿನ್ ಕೊಟ್ಟ 429 ಮಂದಿಯಲ್ಲಿ 191 ಮಂದಿಗೆ ಕೆಟ್ಟದಾಯಿತು, ಕೊಡದ 434 ಮಂದಿಯಲ್ಲಿ 167 ಮಂದಿಗೆ ಎಂದು ಹೇಳುತ್ತೇನೆ. ಬಹಳ ಜನ ಎರಡು ಸಂಖ್ಯೆಗಳನ್ನು ಬಾಯಲ್ಲಿ ಒಮ್ಮೆ ಹೇಳಿಕೊಂಡು ಸುಮ್ಮನಾಗುತ್ತಾರೆ. ಆಮೇಲೆ ನಾವು ರೋಗಿಯ ಮೂತ್ರ ಎಷ್ಟಾಯಿತು, ಲ್ಯಾಕ್ಟೇಟ್ ಇಳಿಯಿತೇ, ಕಲ್ಚರ್ ವರದಿಯಲ್ಲಿ ಯಾವ ಆಂಟಿಬಯಾಟಿಕ್ ಕೆಲಸಮಾಡುತ್ತದೆಂದು ಬಂದಿದೆ ಎಂಬ ಮಾತಿಗೆ ಬರುತ್ತೇವೆ.